ಎಣ್ಣೆಯೊಳಗಿನ ಗುಳ್ಳೆ, ಗುಳ್ಳೆಯೊಳಗಿನ ಕಿಡಿ: ಮಳೆಗಾಲ ಕಳೆದು ಟಿಸಿ ಚಾರ್ಜ್ ಮಾಡುವವರಿಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಮೀನಿಲ್ಲ ಅಂದರೆ ಐಸಿಗೂ ಗಿರಾಕಿ ಇಲ್ಲ. ಐಸ್ ಪ್ಲಾಂಟುಗಳಲ್ಲಿ ಕೆಲವು ಪೂರ್ತಿ ಬಂದ್, ಕೆಲವು ಅರ್ಧಂಬರ್ಧ. ಕಂಪ್ರೆಸರ್ ನಿಂತಿತು ಅಂದರೆ ಅಂಗಳದ ಮೂಲೆಯ ಟಿಸಿಗೂ, ಅಂದರೆ ಟ್ರಾನ್ಸ್‌ಫಾರ್ಮರಿಗೂ, ಕೆಲಸ ಇಲ್ಲ. ಎರಡು ತಿಂಗಳು ಅದು ಮಳೆಯಲ್ಲಿ ನೆನೆದು ತಣ್ಣಗೆ ಕೂತಿರುತ್ತದೆ. ಆಗಸ್ಟ್ ಬಂದ ಕೂಡಲೇ ಅದನ್ನು ಚಾರ್ಜ್ ಮಾಡಲು, ಅಂದರೆ ಅದಕ್ಕೆ ಮತ್ತೆ ಕರೆಂಟು ಕೊಡಲು, ಎಲ್ಲರಿಗೂ ಅವಸರ.

ಅಂಥ ಒಂದು ಆಗಸ್ಟಿನಲ್ಲಿ ನಾನು ಒಂದು ಐಸ್ ಪ್ಲಾಂಟಿನ 500 ಕೆವಿಎ ಟಿಸಿಯ ಎಣ್ಣೆ ತೆಗೆದು ಬಿಡಿವಿ ಪರೀಕ್ಷೆಗೆ ಹಾಕಿದೆ. ಎಣ್ಣೆ ಎಷ್ಟು ವೋಲ್ಟೇಜಿಗೆ ಒಡೆದು ಕಿಡಿ ಹಾರಿಸುತ್ತದೆ ಅಂತ ನೋಡುವ ಪರೀಕ್ಷೆ ಅದು. 19 ಕೆವಿ ಬಂತು. ಮಾಲೀಕರು ತಲೆ ಮೇಲೆ ಕೈ ಹೊತ್ತರು. "ಎಂತ ಮಾರಾಯ್ರೇ, ಹೋದ ವರ್ಷ ಫಿಲ್ಟರ್ ಮಾಡಿಸಿದ್ದಲ್ವಾ?" ನನಗೆ ಕೆಲಸ ಕಲಿಸಿದ ಅಣ್ಣ ಏನೂ ಮಾತಾಡಲಿಲ್ಲ. ಟಾರ್ಚ್ ಹಿಡಿದು ಪರೀಕ್ಷೆಯ ಕಪ್ಪಿನೊಳಗೆ ನೋಡಿದರು. ಎಲೆಕ್ಟ್ರೋಡಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಅಂಟಿ ಕೂತಿತ್ತು. ಕಪ್ ಖಾಲಿ ಮಾಡಿ, ಮತ್ತೆ ನಿಧಾನಕ್ಕೆ ತುಂಬಿ, ಒಂದು ಬೀಡಿ ಸೇದಿ ಬಂದು ಬಟನ್ ಒತ್ತಿದರು. 44 ಕೆವಿ. "ಎಣ್ಣೆ ಸರಿ ಉಂಟು. ನಿನ್ನ ಕೈ ಸರಿ ಇಲ್ಲ" ಅಂದರು.

ಆಮೇಲಿಂದ ಗುಳ್ಳೆಯ ಮೇಲೆ ಒಂದು ಕಣ್ಣಿಟ್ಟೇ ಇದ್ದೇನೆ. ಎಣ್ಣೆಯಲ್ಲಿ ಕಾಣುವ ಹೆಚ್ಚಿನ ಗುಳ್ಳೆಗಳನ್ನು ಒಳಗೆ ಹಾಕಿದ್ದು ನಾವೇ, ಅವಸರದಲ್ಲಿ. ಉಳಿದವನ್ನು ಹುಟ್ಟಿಸುವುದೂ ನಮ್ಮ ಅವಸರವೇ. ಫ್ಯಾಕ್ಟರಿ, ಆಸ್ಪತ್ರೆ, ಅಪಾರ್ಟ್‌ಮೆಂಟುಗಳಲ್ಲಿ ಟಿಸಿ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿಗೂ ಸೂಪರ್‌ವೈಸರುಗಳಿಗೂ ಇದನ್ನು ಬರೆಯುತ್ತಿದ್ದೇನೆ.

ಗುಳ್ಳೆಯೊಳಗೆ ಆಗುವುದೇನು

ಟಿಸಿ ಎಣ್ಣೆಯ ಪರ್ಮಿಟಿವಿಟಿ, ಅಂದರೆ ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಎಷ್ಟು ತಗ್ಗಿಸುತ್ತದೆ ಅನ್ನುವ ಅಂಕೆ, ಸುಮಾರು 2.2. ಗಾಳಿಯದ್ದು 1. ಈ ಎರಡು ಅಂಕೆಗಳಲ್ಲೇ ಅರ್ಧ ಕಥೆ ಇದೆ. ಎಣ್ಣೆಯ ನಡುವೆ ಒಂದು ದುಂಡನೆಯ ಗುಳ್ಳೆ ಇದ್ದರೆ, ಅದರೊಳಗಿನ ವಿದ್ಯುತ್ ಕ್ಷೇತ್ರ ಸುತ್ತಲಿನ ಎಣ್ಣೆಗಿಂತ 1.22 ಪಟ್ಟು ಇರುತ್ತದೆ. ಗುಳ್ಳೆ ದೋಸೆಯ ಹಾಗೆ ಚಪ್ಪಟೆಯಾಗಿ ಕ್ಷೇತ್ರಕ್ಕೆ ಅಡ್ಡಲಾಗಿ ಮಲಗಿದರೆ 2.2 ಪಟ್ಟಿನವರೆಗೂ ಹೋಗುತ್ತದೆ. ಅಂದರೆ ಯಾರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯೋ ಅವರ ತಲೆ ಮೇಲೆಯೇ ಜಾಸ್ತಿ ಹೊರೆ.

ಶಕ್ತಿ ಎಷ್ಟು ಕಡಿಮೆ? 2.5 ಮಿ.ಮೀ. ಅಂತರದಲ್ಲಿ ಒಳ್ಳೆಯ ಎಣ್ಣೆ 60–70 ಕೆವಿ ತಡೆಯುತ್ತದೆ. ಅದೇ ಅಂತರದ ಗಾಳಿ 10 ಕೆವಿ ದಾಟುವ ಹೊತ್ತಿಗೆ ಕೈಚೆಲ್ಲುತ್ತದೆ. ಜರ್ಮನಿಯ ಪಾಶೆನ್ 1889ರಲ್ಲಿ ಕಂಡುಕೊಂಡ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಅನಿಲ ಎಷ್ಟು ವೋಲ್ಟೇಜಿಗೆ ಒಡೆಯುತ್ತದೆ ಅನ್ನುವುದನ್ನು ಅದರ ಒತ್ತಡ ಮತ್ತು ಅಂತರದ ಗುಣಲಬ್ಧ ಹೇಳುತ್ತದೆ. ಮಾಮೂಲಿ ಗಾಳಿಯ ಒತ್ತಡದಲ್ಲಿ 1 ಮಿ.ಮೀ. ಗಾಳಿ ಒಡೆಯಲು ಸುಮಾರು 4.5 ಕೆವಿ ಬೇಕು. 0.1 ಮಿ.ಮೀ.ಗೆ ಸುಮಾರು 1 ಕೆವಿ. ಪ್ರತಿ ಮಿ.ಮೀ. ಲೆಕ್ಕ ಹಾಕಿದರೆ ಸಣ್ಣ ಗುಳ್ಳೆಯೇ ಗಟ್ಟಿ. 1 ಮಿ.ಮೀ. ಗುಳ್ಳೆ ಕಿಡಿಯಾಗಲು ಸುತ್ತಲಿನ ಎಣ್ಣೆಯಲ್ಲಿ ಮಿ.ಮೀ.ಗೆ 3.7 ಕೆವಿ ಇದ್ದರೆ ಸಾಕು. 0.1 ಮಿ.ಮೀ. ಗುಳ್ಳೆಗೆ 8 ಕೆವಿ ಬೇಕು. ಹಾಗಾಗಿ ಕಣ್ಣಿಗೆ ಕಾಣುವ ಗುಳ್ಳೆಗೇ ಮೊದಲು ಹೆದರಿ.

ಕಿಡಿ ಅಂದರೆ ಟಿಸಿ ಢಮಾರ್ ಅಂತಲ್ಲ. ಗುಳ್ಳೆಯೊಳಗಿನ ಗಾಳಿ ಮಾತ್ರ ಒಡೆಯುತ್ತದೆ, ಸುತ್ತಲಿನ ಎಣ್ಣೆ ಹಾಗೇ ಇರುತ್ತದೆ. ಇದಕ್ಕೇ ಪಾರ್ಶಿಯಲ್ ಡಿಸ್ಚಾರ್ಜ್, ಚಿಕ್ಕದಾಗಿ ಪಿಡಿ ಅನ್ನುವುದು. ಕಿಡಿ ಬಿದ್ದಾಗ ಗುಳ್ಳೆಯ ಗೋಡೆಯ ಎರಡು ಕಡೆ ಚಾರ್ಜ್ ಕೂರುತ್ತದೆ. ಆ ಚಾರ್ಜು ಹೊರಗಿನ ಕ್ಷೇತ್ರಕ್ಕೆ ಎದುರು ನಿಲ್ಲುವುದರಿಂದ ಕಿಡಿ ಆರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ ತಾನೇ? ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ದಿಕ್ಕು ಬದಲಾದಾಗ ಅದೇ ಚಾರ್ಜು ಹೊರಗಿನ ಕ್ಷೇತ್ರದ ಜತೆ ಸೇರಿಕೊಳ್ಳುತ್ತದೆ. ಮತ್ತೆ ಕಿಡಿ.

ಪ್ರತಿ ಕಿಡಿಯೂ ಗೋಡೆಯಲ್ಲಿರುವ ಎಣ್ಣೆಯ ಅಣುಗಳನ್ನು ಒಂದಿಷ್ಟು ಮುರಿಯುತ್ತದೆ. ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಎಣ್ಣೆ ಅದನ್ನು ಕರಗಿಸಿಕೊಂಡರೆ ಸರಿ. ಕರಗಿಸಿಕೊಳ್ಳಲು ಆಗದಿದ್ದರೆ ಗುಳ್ಳೆ ಬೆಳೆಯುತ್ತದೆ. ತುಂಬಾ ಕಾಲ ಹೀಗೇ ನಡೆದರೆ ತಂತಿ ಸುರುಳಿಗೆ ಸುತ್ತಿದ ಇನ್ಸುಲೇಶನ್ ಪೇಪರಿನ ಮೇಲೆ ಮೇಣದ ಹಾಗೆ ಒಂದು ಪದರ ಕೂರುತ್ತದೆ. ಹಳೆಯ ಟಿಸಿ ಬಿಚ್ಚಿದಾಗ ಸುರುಳಿ ಮೇಲೆ ಹಳದಿ ಬಣ್ಣದ ಅಂಟಂಟು ಮೇಣ ಸಿಕ್ಕಿದರೆ ಸುಮ್ನೆ ಒರೆಸಿ ಬಿಸಾಡಬೇಡಿ. ಎಲ್ಲಿ ಸಿಕ್ಕಿತು ಅಂತ ಫೋಟೋ ತೆಗೆದಿಡಿ.

ಇಲ್ಲೊಂದು ಮಾತು ನೇರವಾಗಿ ಹೇಳಬೇಕು. 11 ಕೆವಿ ಟಿಸಿಯ ಸುರುಳಿಗಳ ನಡುವೆ ದಿನನಿತ್ಯ ಇರುವ ಕ್ಷೇತ್ರ ಮಿ.ಮೀ.ಗೆ 1 ಕೆವಿ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಅಲ್ಲಿ ತೇಲುವ ಗುಳ್ಳೆ ಕಿಡಿಯಾಗುವುದಿಲ್ಲ. ಹಾಗಾದರೆ ಇಷ್ಟೆಲ್ಲ ತಲೆಬಿಸಿ ಯಾಕೆ? ಒಂದು, ಲೀಡಿನ (ಸುರುಳಿಯಿಂದ ಹೊರಡುವ ತಂತಿಯ) ಚೂಪು ತುದಿ, ವೋಲ್ಟೇಜ್ ಹೊಂದಿಸುವ ಟ್ಯಾಪ್ ಸ್ವಿಚ್ಚಿನ ಅಂಚು ಮುಂತಾದ ಕಡೆ ಕ್ಷೇತ್ರ ಹಲವು ಪಟ್ಟು ಇರುತ್ತದೆ. ಎರಡು, ಸಿಡಿಲು. 11 ಕೆವಿ ಟಿಸಿ 75 ಕೆವಿಯ ಸಿಡಿಲಿನ ಪೆಟ್ಟು ತಡೆಯಬೇಕು ಅನ್ನುವುದು ಲೆಕ್ಕ. ಅಷ್ಟು ಬಂದಾಗ ಗುಳ್ಳೆಯಿದ್ದ ಜಾಗವೇ ಮೊದಲು ಸೋಲುವುದು. ಏಪ್ರಿಲ್–ಮೇ ಸಂಜೆಯ ಗುಡುಗು ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಕಾವೂರು, ಕೇಮಾರಿನಂಥ 220 ಕೆವಿ ಸ್ಟೇಷನ್ನುಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಎಣ್ಣೆಯನ್ನು ಬಿಗಿಯಾಗಿಯೇ ದುಡಿಸುತ್ತಾರೆ. ಅಲ್ಲಿ ಒಂದು ಗುಳ್ಳೆಯನ್ನೂ ಹಗುರವಾಗಿ ನೋಡುವ ಹಾಗಿಲ್ಲ.

ಮೊದಲು ಅಡುಗೆಮನೆಯಲ್ಲಿ ನೋಡಿ

ಕರೆಂಟಿನ ಹತ್ತಿರ ಹೋಗುವ ಮೊದಲು ಒಂದು ಸಣ್ಣ ಪ್ರಯೋಗ. ಮೆಡಿಕಲ್ಲಿನಿಂದ 20 ಎಂಎಲ್ ಸಿರಿಂಜ್ ತನ್ನಿ, ಸೂಜಿ ಬೇಡ. 5 ಎಂಎಲ್‌ನಷ್ಟು ತೆಂಗಿನೆಣ್ಣೆ ಎಳೆದುಕೊಳ್ಳಿ. ಮೂತಿ ಮೇಲೆ ಮಾಡಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ತಳ್ಳಿ. ಈಗ ಎಣ್ಣೆ ತಿಳಿಯಾಗಿದೆ, ಒಂದು ಗುಳ್ಳೆಯೂ ಇಲ್ಲ. ಮೂತಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಹಿಡಿಯನ್ನು 15ರ ಗೆರೆಯವರೆಗೆ ಎಳೆದು ಹಿಡಿಯಿರಿ.

ಎಲ್ಲಿಂದಲೋ ಗುಳ್ಳೆ ಹುಟ್ಟುತ್ತದೆ! ಸಿರಿಂಜಿನ ಗೋಡೆಯಲ್ಲಿ ಗೀರು ಇರುವಲ್ಲಿ, ರಬ್ಬರಿನ ಅಂಚಿನಲ್ಲಿ, ಸಣ್ಣ ಸಣ್ಣ ಮಣಿಗಳ ಹಾಗೆ. ಕೈ ಬಿಟ್ಟರೆ ಹಿಡಿ ಹಿಂದಕ್ಕೆ ಹೋಗಿ ಹೆಚ್ಚಿನವು ಮಾಯ.

ಟಿಸಿಯೊಳಗೂ ಇದೇ ಆಟ. ಗಾಳಿಗೆ ತೆರೆದಿಟ್ಟ ಟಿಸಿ ಎಣ್ಣೆ ತನ್ನ ಗಾತ್ರದ ಸುಮಾರು ಶೇ. 10ರಷ್ಟು ಗಾಳಿಯನ್ನು ಕರಗಿಸಿ ಇಟ್ಟುಕೊಂಡಿರುತ್ತದೆ. 300 ಲೀಟರ್ ಎಣ್ಣೆಯಲ್ಲಿ 30 ಲೀಟರ್ ಗಾಳಿ. ಕಣ್ಣಿಗೆ ಕಾಣುವುದಿಲ್ಲ, ಕರಗಿ ಇರುವವರೆಗೆ ತೊಂದರೆಯನ್ನೂ ಕೊಡುವುದಿಲ್ಲ. ಒತ್ತಡ ಇಳಿದರೆ ಅದು ಗುಳ್ಳೆಯಾಗಿ ಹೊರಗೆ ಬರುತ್ತದೆ, ಅದೂ ಒರಟು ಜಾಗ ಹುಡುಕಿಕೊಂಡು. ಉಲ್ಟಾ ಮಾತೂ ನಿಜ. ಗಾಳಿ ತೆಗೆದ ಎಣ್ಣೆಗೆ ಹಸಿವು ಜಾಸ್ತಿ. ಒಳಗೆ ಸಿಕ್ಕಿಕೊಂಡ ಸಣ್ಣ ಗುಳ್ಳೆಯನ್ನು ಅದು ತಾನೇ ನುಂಗಿಬಿಡುತ್ತದೆ.

ಮುಟ್ಟುವ ಮೊದಲು

ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಆಗಿದೆ ಅನ್ನುವ ಅನುಮತಿ) ತೆಗೆದುಕೊಳ್ಳದೆ ಯಾವ ವಾಲ್ವನ್ನೂ ತಿರುಗಿಸಬೇಡಿ. ಜಿಒಎಸ್ (ಮೂರೂ ಲೈನನ್ನು ಒಟ್ಟಿಗೆ ಬಿಡಿಸುವ ಸ್ವಿಚ್) ಬಿಡಿಸಿ, ಬ್ಲೇಡುಗಳು ಮೂರೂ ಬಿಟ್ಟಿವೆಯಾ ಅಂತ ಕಣ್ಣಾರೆ ನೋಡಿ. ಉಪ್ಪು ಗಾಳಿಗೆ ತುಕ್ಕು ಹಿಡಿದು ಎರಡು ಬಿಟ್ಟು ಒಂದು ಅಲ್ಲೇ ಕಚ್ಚಿ ನಿಂತದ್ದನ್ನು ನಾನು ಕಂಡಿದ್ದೇನೆ. ಎಚ್‌ಟಿ (11 ಕೆವಿ), ಎಲ್‌ಟಿ (ಕಡಿಮೆ ವೋಲ್ಟೇಜ್) ಎರಡೂ ಕಡೆ ಅರ್ಥ್ ಮಾಡಿ, ಅಂದರೆ ನೆಲಕ್ಕೆ ಜೋಡಿಸಿ. ಜನರೇಟರ್, ಮಾಡಿನ ಮೇಲಿನ ಸೋಲಾರ್, ಕೆಪಾಸಿಟರ್ ಪ್ಯಾನೆಲ್ ಮೂರನ್ನೂ ಬೇರೆ ಮಾಡಿ. ಎಲ್‌ಟಿ ಕಡೆಯಿಂದ ಹಿಂದಕ್ಕೆ ಬಂದ ಕರೆಂಟು ಟಿಸಿಯಲ್ಲಿ ಏರಿ ಎಚ್‌ಟಿಯಲ್ಲಿ 11 ಕೆವಿಯಾಗಿಯೇ ನಿಲ್ಲುತ್ತದೆ.

ಲೈಸೆನ್ಸ್ ಇಲ್ಲದವರು ಇಲ್ಲಿಂದ ಮುಂದಿನದ್ದನ್ನು ಓದಿ ತಿಳಿದುಕೊಳ್ಳಿ, ಕೈ ಹಾಕಬೇಡಿ.

ಎಣ್ಣೆ ತೆಗೆಯುವುದು

ಮಳೆ ಬರುತ್ತಿರುವಾಗ ಸ್ಯಾಂಪಲ್ ತೆಗೆಯಬೇಡಿ. ಜುಲೈಯಲ್ಲಿ ನಮ್ಮಲ್ಲಿ ಮಳೆ ಬಿಟ್ಟರೂ ಗಾಳಿ ಒದ್ದೆಯೇ. ಬಿಸಿಲು ಬಿದ್ದ ಒಂದು ದಿನ, ಮಧ್ಯಾಹ್ನ 11ರ ಮೇಲೆ ಒಳ್ಳೆಯದು. ಎಣ್ಣೆ ಹೊರಗಿನ ಗಾಳಿಗಿಂತ ತಣ್ಣಗಿದ್ದರೆ ಬಾಟಲಿಯಲ್ಲಿ ತೇವ ಕೂರುತ್ತದೆ.

ಕನ್ಸರ್ವೇಟರ್ (ಟ್ಯಾಂಕಿಗಿಂತ ಮೇಲೆ ಕೂರುವ ಎಣ್ಣೆ ಡ್ರಮ್) ಇರುವ ಟಿಸಿಯಲ್ಲಿ ಕೆಳಗಿನ ವಾಲ್ವಿನ ಮೇಲೆ ಎಣ್ಣೆಯ ಭಾರ ಇರುತ್ತದೆ, ತೆರೆದರೆ ಹೊರಗೆ ಬರುತ್ತದೆ. ಪೂರ್ತಿ ಸೀಲ್ ಆದ ಟಿಸಿಗಳ ವಿಷಯ ಬೇರೆ. ತಣ್ಣಗಾದಾಗ ಎಣ್ಣೆ ಕುಗ್ಗಿ ಒಳಗೆ ಎಳೆತ ಹುಟ್ಟಿರಬಹುದು. ಆಗ ವಾಲ್ವ್ ತೆರೆದರೆ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ನುಗ್ಗುತ್ತದೆ. ಆ ಗುಳ್ಳೆ ನೇರ ಸುರುಳಿಗಳ ನಡುವಿನಿಂದ ಮೇಲೇರುತ್ತದೆ. ಟಿಸಿ ಚಾಲೂ ಇರುವಾಗ ಹೀಗಾದರೆ ಏನಾದೀತು, ಯೋಚಿಸಿ.

ಇದನ್ನು ಮೊದಲೇ ತಿಳಿಯಲು ಒಂದು ಉಪಾಯ ಇದೆ. ವಾಲ್ವಿನ ಮೂತಿಗೆ ಒಂದು ಮೊಳದಷ್ಟು ಪಾರದರ್ಶಕ ಟ್ಯೂಬ್ ಸಿಕ್ಕಿಸಿ. ಟ್ಯೂಬಿನ ನಡುವೆ ಎರಡು ಬೆರಳಗಲ ಎಣ್ಣೆ ಹಾಕಿ ಅದನ್ನು ಅಡ್ಡಲಾಗಿ ಹಿಡಿಯಿರಿ. ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಟ್ಯೂಬಿನ ಎಣ್ಣೆ ನಿಮ್ಮ ಕಡೆ ಸರಿದರೆ ಒಳಗೆ ಒತ್ತಡ ಇದೆ, ಮುಂದುವರಿಯಬಹುದು. ಟ್ಯಾಂಕಿನ ಕಡೆ ಸರಿದರೆ ಆ ಕ್ಷಣವೇ ಮುಚ್ಚಿ. ಅವತ್ತು ಸ್ಯಾಂಪಲ್ ಬೇಡ.

ಮೊದಲ ಒಂದೆರಡು ಲೀಟರ್ ಬಕೆಟಿಗೆ ಬಿಡಿ. ವಾಲ್ವಿನ ಮೂಲೆಯ ಕೊಳೆ, ನೀರು, ಗಾಳಿ ಎಲ್ಲ ಅದರಲ್ಲಿ ಹೋಗುತ್ತದೆ. ಆಮೇಲೆ ಬಾಟಲಿಯನ್ನು ಅದೇ ಎಣ್ಣೆಯಲ್ಲಿ ತೊಳೆದು ಚೆಲ್ಲಿ. ತುಂಬುವಾಗ ಟ್ಯೂಬಿನ ತುದಿ ಬಾಟಲಿಯ ತಳ ಮುಟ್ಟಿರಲಿ. ಹೋಟೆಲಿನವರು ಚಹಾ ಎತ್ತರಿಸಿ ಹೊಯ್ಯುವುದನ್ನು ನೋಡಿದ್ದೀರಲ್ಲ, ನೊರೆ ಬರಲಿ ಅಂತ? ಇಲ್ಲಿ ಪೂರಾ ಅದರ ಉಲ್ಟಾ ಮಾಡಬೇಕು.

ಕರಗಿದ ಅನಿಲದ ಪರೀಕ್ಷೆಗೆ, ಅಂದರೆ ಡಿಜಿಎಗೆ ಕೊಡುವುದಾದರೆ ಬಾಟಲಿ ಸಾಲದು. ಗಾಜಿನ ಸಿರಿಂಜ್ ಬೇಕು. ಹಿಡಿಯನ್ನು ನೀವು ಎಳೆಯಬಾರದು, ಎಣ್ಣೆಯೇ ತನ್ನ ಒತ್ತಡದಲ್ಲಿ ಅದನ್ನು ಹಿಂದೆ ತಳ್ಳಬೇಕು. ಎಳೆದರೆ ಅಡುಗೆಮನೆಯ ಪ್ರಯೋಗವೇ ಮತ್ತೆ ಆಗುತ್ತದೆ. ತುಂಬುವಾಗ ಗುಳ್ಳೆ ಬಂದರೆ ಅಲ್ಲೇ ಹೊರಗೆ ತಳ್ಳಿ ಮತ್ತೆ ತುಂಬಿ. ಮುಚ್ಚಿದ ಮೇಲೆ, ತಣ್ಣಗಾಗುತ್ತಾ ಸಣ್ಣ ಗುಳ್ಳೆ ಮೂಡಿದರೆ ಮಾತ್ರ ಮುಟ್ಟಬೇಡಿ. ಪರೀಕ್ಷೆಗೆ ಬೇಕಾದ ಅನಿಲ ಅದರಲ್ಲೇ ಇರುತ್ತದೆ. ಸಿರಿಂಜನ್ನು ಬಿಸಿಲು ತಾಗದ ಹಾಗೆ ಸುತ್ತಿ ಕಳಿಸಿ.

ಬಿಡಿವಿ ಪರೀಕ್ಷೆ

ನಾನು ಎಡವಿದ್ದು ಇಲ್ಲೇ. ಪದ್ಧತಿ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೆ.

1. ಸ್ಯಾಂಪಲ್ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಇಡಿ. ಬೈಕಿನಲ್ಲಿ ಕುಲುಕಿ ತಂದಿದ್ದರೆ ಇನ್ನೂ ಒಂದರ್ಧ ಗಂಟೆ ಜಾಸ್ತಿ.
2. ಬಾಟಲಿಯನ್ನು ನಿಧಾನಕ್ಕೆ ನಾಲ್ಕೈದು ಸಲ ತಲೆಕೆಳಗೆ ಮಾಡಿ. ತಳದ ಕಸರು ಸಮನಾಗಿ ಬೆರೆಯಬೇಕು, ನೊರೆ ಬರಬಾರದು. ಅಲುಗಾಡಿಸಬೇಡಿ.
3. ಎಲೆಕ್ಟ್ರೋಡುಗಳ ಅಂತರ ಗೇಜಿನಲ್ಲಿ ನೋಡಿ, 2.5 ಮಿ.ಮೀ. ಕಪ್ಪನ್ನು ಅದೇ ಎಣ್ಣೆಯಲ್ಲಿ ತೊಳೆಯಿರಿ.
4. ಕಪ್ಪನ್ನು ಸ್ವಲ್ಪ ಓರೆ ಮಾಡಿ, ಗೋಡೆಯ ಮೇಲಿಂದ ಇಳಿಯುವ ಹಾಗೆ ಎಣ್ಣೆ ಹೊಯ್ಯಿರಿ.
5. ಐದು ನಿಮಿಷ ಕಾಯಿರಿ. ಟಾರ್ಚ್ ಹಿಡಿದು ಎಲೆಕ್ಟ್ರೋಡುಗಳ ಅಡಿ, ಬದಿ, ನಡುವೆ ನೋಡಿ. ಗುಳ್ಳೆ ಇದ್ದರೆ ಶುದ್ಧವಾದ ಗಾಜಿನ ಕಡ್ಡಿಯಿಂದ ಬಿಡಿಸಿ. ಬೆರಳು ಅದ್ದಬೇಡಿ, ಬೆರಳಿನ ಬೆವರು ಗುಳ್ಳೆಗಿಂತ ಕೆಟ್ಟದ್ದು.
6. ಸೆಕೆಂಡಿಗೆ 2 ಕೆವಿಯಂತೆ ಏರಿಸಿ. ಆರು ಸಲ ಒಡೆಸಿ, ಆರರ ಸರಾಸರಿ ತೆಗೆಯಿರಿ. ಒಂದು ಹೊಡೆತದಿಂದ ಇನ್ನೊಂದಕ್ಕೆ ಕನಿಷ್ಠ ಎರಡು ನಿಮಿಷ ಬಿಡಿ.

ಎರಡು ನಿಮಿಷ ಯಾಕೆ ಗೊತ್ತಾ? ಪ್ರತಿ ಹೊಡೆತದ ಕಿಡಿಯೂ ಎಣ್ಣೆಯನ್ನು ಸುಟ್ಟು ಹೊಸ ಗುಳ್ಳೆಗಳನ್ನು ಹುಟ್ಟಿಸುತ್ತದೆ. ಅವು ಹೋಗುವ ಮೊದಲೇ ಮುಂದಿನ ಹೊಡೆತ ಕೊಟ್ಟರೆ ನೀವು ಅಳೆಯುವುದು ಎಣ್ಣೆಯನ್ನಲ್ಲ, ಹಿಂದಿನ ಹೊಡೆತದ ಹೊಗೆಯನ್ನು.

ಸರಾಸರಿ ಒಂದನ್ನೇ ಬರೆದುಕೊಂಡು ಬರಬೇಡಿ. ಆರು ಅಂಕೆಗಳನ್ನೂ ಬರೆಯಿರಿ, ಅವು ಮಾತಾಡುತ್ತವೆ. ಮೊದಲನೆಯದು ಮಾತ್ರ 20, ಉಳಿದವೆಲ್ಲ 45ರ ಆಸುಪಾಸು ಇದ್ದರೆ ಗುಳ್ಳೆಯೋ ಒಂದು ನಾರೋ ಇತ್ತು ಅಂತ ನಾನು ತಿಳಿಯುತ್ತೇನೆ. ಕಪ್ ಖಾಲಿ ಮಾಡಿ, ಅದೇ ಸ್ಯಾಂಪಲಿನಿಂದ ಮತ್ತೆ ತುಂಬಿ ಇನ್ನೊಮ್ಮೆ ಮಾಡುತ್ತೇನೆ. ಆರೂ 20–25ರ ಒಳಗೆ ಒಟ್ಟಾಗಿ ಕೂತರೆ ಅದು ನೀರು. ಅದಕ್ಕೆ ಕಾದು ಪ್ರಯೋಜನ ಇಲ್ಲ, ಫಿಲ್ಟರ್ ಮೆಷಿನ್ ತರಿಸಿ. ಚಾಲ್ತಿಯಲ್ಲಿರುವ 11 ಕೆವಿ ಟಿಸಿಯ ಎಣ್ಣೆಗೆ 30 ಕೆವಿ ಕೆಳಗಿನ ಗೆರೆ. 30 ಬಂದರೆ ಖುಷಿ ಪಡಬೇಡಿ, 40ರ ಮೇಲಿರಲಿ.

ಎಣ್ಣೆ ತುಂಬುವುದು, ಗಾಳಿ ಬಿಡಿಸುವುದು

ಫಿಲ್ಟರ್ ಮೆಷಿನ್ ಎಣ್ಣೆಯನ್ನು 55–65 ಡಿಗ್ರಿಗೆ ಬಿಸಿ ಮಾಡಿ, ಗಾಳಿ ಎಳೆದ ಕೋಣೆಯೊಳಗೆ ತೆಳ್ಳಗೆ ಹರಡುತ್ತದೆ. ನೀರೂ ಗಾಳಿಯೂ ಒಟ್ಟಿಗೆ ಹೋಗುತ್ತವೆ. ಮೆಷಿನ್ ತನ್ನ ಕೆಲಸ ಮಾಡಿದ ಮೇಲೆ ಅದನ್ನು ಕೆಡಿಸುವುದು ಹೋಸು. ಪಂಪಿನ ಸಕ್ಷನ್ ಕಡೆಯ ಒಂದು ಕ್ಲಿಪ್ ಸಡಿಲ ಇದ್ದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೋರಿಕೆ ಕಾಣದ ಕಾರಣ ಯಾರೂ ಗಮನಿಸುವುದಿಲ್ಲ. ಹೋಸಿನಲ್ಲಿ ಒಂದು ಕಡೆ ಪಾರದರ್ಶಕ ತುಂಡು ಇರಲಿ. ಎಣ್ಣೆ ತಿಳಿಯಾಗಿ ಹೋಗಬೇಕು. ಗಂಜಿ ತಿಳಿಯ ಹಾಗೆ ಮಬ್ಬಾಗಿದ್ದರೆ ನಿಲ್ಲಿಸಿ. ಸಕ್ಷನ್ ಜಾಯಿಂಟುಗಳ ಮೇಲೆ ಒಂದೊಂದಾಗಿ ಗ್ರೀಸ್ ಬಳಿದು ನೋಡಿ. ಯಾವುದಕ್ಕೆ ಬಳಿದಾಗ ಮಬ್ಬು ಹೋಗುತ್ತದೋ ಅದೇ ಕಳ್ಳ.

ಖಾಲಿ ಟ್ಯಾಂಕನ್ನು ಕೆಳಗಿನ ವಾಲ್ವಿನಿಂದ ನಿಧಾನಕ್ಕೆ ತುಂಬಿ. ಎಣ್ಣೆ ಏರುತ್ತಾ ಗಾಳಿಯನ್ನು ಮೇಲೆ ತಳ್ಳುತ್ತದೆ. ಹೋಸಿನೊಳಗಿನ ಗಾಳಿಯನ್ನು ಮೊದಲು ಬಕೆಟಿಗೆ ಬಿಟ್ಟು ಆಮೇಲೆ ಜೋಡಿಸಬೇಕು. ಸ್ವಲ್ಪ ಕಡಿಮೆಯಾದ ಎಣ್ಣೆ ಸೇರಿಸುವುದಾದರೆ ಮಾತ್ರ ಕೆಳಗಿನ ವಾಲ್ವ್ ಬೇಡ, ಕನ್ಸರ್ವೇಟರಿನಿಂದಲೇ ಹಾಕಿ. ಇಲ್ಲದಿದ್ದರೆ ತಳದ ಕಸರೂ ಹೋಸಿನ ಗಾಳಿಯೂ ಸುರುಳಿ ಹತ್ತುತ್ತವೆ. ಚಾಲೂ ಇರುವ ಟಿಸಿಗೆ ಎಣ್ಣೆ ಹಾಕುವುದಂತೂ ಯಾವತ್ತೂ ಬೇಡ. ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ವ್ಯಾಕ್ಯೂಮ್ ಎಳೆದು ತುಂಬುತ್ತಾರೆ. ಅದನ್ನು ನೋಡಿ ಸಣ್ಣ ಟಿಸಿಗೂ ಹಾಗೆ ಮಾಡಲು ಹೋಗಬೇಡಿ. ಅದರ ಟ್ಯಾಂಕೂ ರೇಡಿಯೇಟರೂ ಅಷ್ಟು ಎಳೆತಕ್ಕೆ ಮಾಡಿದ್ದಲ್ಲ, ಡಬ್ಬದ ಹಾಗೆ ಒಳಗೆ ಕುಸಿಯುತ್ತವೆ.

ಆಮೇಲೆ ಗಾಳಿ ಬಿಡಿಸುವ ಕೆಲಸ. ತಗ್ಗಿನಿಂದ ಎತ್ತರಕ್ಕೆ ಹೋಗಿ: ರೇಡಿಯೇಟರಿನ ಮೇಲಿನ ಪ್ಲಗ್, ಟ್ಯಾಂಕಿನ ಮುಚ್ಚಳ, ಬುಶಿಂಗುಗಳು (ತಂತಿ ಹೊರಗೆ ಬರುವ ಪಿಂಗಾಣಿ ಕೊಳವೆಗಳು), ಬುಖೋಲ್ಜ್ ರಿಲೇ (ಏರಿ ಬಂದ ಅನಿಲ ಹಿಡಿದು ಅಲಾರಂ ಕೊಡುವ ಸಾಧನ) ಇದ್ದರೆ ಅದರ ಕೊಳಾಯಿ. ಪ್ಲಗ್ ಎರಡು ಸುತ್ತು ಸಡಿಲಿಸಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಎಣ್ಣೆ. ನೊರೆ ನಿಂತು ಬರೀ ಎಣ್ಣೆ ಬರುವಾಗ ಮುಚ್ಚಿ. ರೇಡಿಯೇಟರನ್ನು ಜನ ಮರೆಯುತ್ತಾರೆ. ಅಲ್ಲಿ ಸಿಕ್ಕಿಕೊಂಡ ಗಾಳಿ, ಟಿಸಿ ಬಿಸಿಯಾಗಿ ಎಣ್ಣೆ ಸುತ್ತಲು ಶುರು ಮಾಡಿದ ಮೇಲೆ ಮೆಲ್ಲಗೆ ಹೊರಟು ಬರುತ್ತದೆ. ಚಾರ್ಜ್ ಮಾಡಿದ ಎರಡನೇ ದಿನ ಬುಖೋಲ್ಜ್ ಅಲಾರಂ ಬಂತು ಅನ್ನುವ ಫೋನುಗಳಲ್ಲಿ ಹೆಚ್ಚಿನವು ಈ ಕೇಸೇ.

ಎಷ್ಟು ಹೊತ್ತು ಬಿಡಬೇಕು

"ಸಂಜೆಗೆ ಕೊಡಬಹುದಲ್ವಾ?" ಎಲ್ಲ ಕಡೆ ಇದೇ ಪ್ರಶ್ನೆ. ನಾನು ಲೆಕ್ಕ ಹೇಳುತ್ತೇನೆ. 30 ಡಿಗ್ರಿಯ ಎಣ್ಣೆಯಲ್ಲಿ 1 ಮಿ.ಮೀ. ಗುಳ್ಳೆ ಸೆಕೆಂಡಿಗೆ ಮೂರು ಸೆಂ.ಮೀ. ಆಸುಪಾಸು ಏರುತ್ತದೆ. ಒಂದೂವರೆ ಮೀಟರ್ ಟ್ಯಾಂಕಿಗೆ ಒಂದು ನಿಮಿಷ. 0.1 ಮಿ.ಮೀ. ಗುಳ್ಳೆಗೆ ಅದೇ ದಾರಿ ಸುಮಾರು ಒಂದು ಗಂಟೆ. 0.05 ಮಿ.ಮೀ.ಗೆ ನಾಲ್ಕು ಗಂಟೆ. 0.01 ಮಿ.ಮೀ.ಗೆ ನಾಲ್ಕು ದಿನ! ಗಾತ್ರ ಹತ್ತು ಪಟ್ಟು ಇಳಿದರೆ ವೇಗ ನೂರು ಪಟ್ಟು ಇಳಿಯುತ್ತದೆ. ಅದರ ಮೇಲೆ ಸುರುಳಿಯ ಪೇಪರ್, ಕಟ್ಟು ಪಟ್ಟಿ, ಮರದ ಕಟ್ಟೆ, ಎಲ್ಲ ಕಡೆ ಅಂಟಿಕೊಂಡು ಏರಬೇಕು.

ನಾಲ್ಕು ದಿನ ಯಾರೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಅಷ್ಟು ಸಣ್ಣದನ್ನು ಗಾಳಿ ತೆಗೆದ ಎಣ್ಣೆ ಕರಗಿಸಿಕೊಳ್ಳುತ್ತದೆ. ಗಾಳಿ ತೆಗೆಯದ ಎಣ್ಣೆಯನ್ನು ಡ್ರಮ್ಮಿನಿಂದ ನೇರ ಸುರಿದಿದ್ದರೆ ಅದರ ಹೊಟ್ಟೆ ಆಗಲೇ ತುಂಬಿದೆ, ಇನ್ನೇನು ನುಂಗೀತು? 11 ಕೆವಿ ಟಿಸಿಗೆ ನಾನು ಒಂದು ರಾತ್ರಿ ಬಿಡುತ್ತೇನೆ, ಕನಿಷ್ಠ 12 ಗಂಟೆ. 33 ಕೆವಿಗೆ 24 ಗಂಟೆಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕೂ ಮೇಲಿನದಕ್ಕೆ ತಯಾರಕರು ಕೊಟ್ಟ ಪುಸ್ತಕ ನೋಡಿ, ಅದರಲ್ಲಿ ಬರೆದಷ್ಟು ಹೊತ್ತು ಬಿಡಿ. ಬೆಳಿಗ್ಗೆ ಎಲ್ಲ ಪ್ಲಗ್ಗುಗಳಿಂದ ಇನ್ನೊಮ್ಮೆ ಗಾಳಿ ಬಿಡಿಸಿ. ನಿನ್ನೆ ಏನೂ ಇಲ್ಲ ಅಂದುಕೊಂಡಲ್ಲಿ ಇವತ್ತು ಖಂಡಿತ ಒಂದು ಬುಸ್ ಬರುತ್ತದೆ.

ಎರಡು ತಿಂಗಳ ರಜೆಯ ನಂತರ

ಇದುವರೆಗೆ ಹೇಳಿದ್ದು ಹೊರಗಿನಿಂದ ಬಂದ ಗಾಳಿಯ ಕಥೆ. ಒಳಗೇ ಹುಟ್ಟುವ ಗುಳ್ಳೆ ಬೇರೆ ಇದೆ, ಅದಕ್ಕೆ ಕಾರಣ ಪೇಪರಿನಲ್ಲಿ ಕೂತ ನೀರು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಅದರಲ್ಲಿ ದೊಡ್ಡ ಪಾಲು ಈ ಎರಡು ತಿಂಗಳಲ್ಲೇ. ಹಗಲು ಸ್ವಲ್ಪ ಬೆಚ್ಚಗಾಗಿ ರಾತ್ರಿ ತಣ್ಣಗಾದಾಗಲೆಲ್ಲ ಟಿಸಿ ಬ್ರೀದರಿನಿಂದ (ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯಿಂದ) ಉಸಿರೆಳೆಯುತ್ತದೆ. ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಎಳೆದದ್ದೆಲ್ಲ ಒದ್ದೆ ಗಾಳಿ. ತಣ್ಣಗಿನ ಎಣ್ಣೆಗೆ ನೀರು ಹಿಡಿದುಕೊಳ್ಳುವ ಶಕ್ತಿ ಕಡಿಮೆ, ಅದು ಪೇಪರಿಗೆ ದಾಟಿಸುತ್ತದೆ. ಪೇಪರು ಬಟ್ಟೆಯ ಹಾಗೆ ಹೀರಿಕೊಳ್ಳುತ್ತದೆ.

ಆಗಸ್ಟ್ 1ಕ್ಕೆ ಮೂರು ಕಂಪ್ರೆಸರ್ ಒಟ್ಟಿಗೆ ಹಾಕಿದಿರಿ ಅನ್ನಿ. ಸುರುಳಿ ಬೇಗ ಬಿಸಿಯಾಗುತ್ತದೆ, ಸುತ್ತಲಿನ ಎಣ್ಣೆ ಇನ್ನೂ ತಣ್ಣಗೇ ಇರುತ್ತದೆ. ಪೇಪರಿನ ನೀರು ಆವಿಯಾಗಿ ತಾಮ್ರದ ಪಕ್ಕದಲ್ಲೇ ಗುಳ್ಳೆ ಕಟ್ಟುತ್ತದೆ. ಪೇಪರಿನಲ್ಲಿ ಶೇ. 2ರಷ್ಟು ತೇವ ಇದ್ದರೆ, ಸುರುಳಿಯ ಅತಿ ಬಿಸಿ ಜಾಗ 140 ಡಿಗ್ರಿ ಮುಟ್ಟಿದಾಗ ಹೀಗೆ ಗುಳ್ಳೆ ಏಳುತ್ತದೆ ಅನ್ನುವುದು ಎಲ್ಲರೂ ಬಳಸುವ ಗೆರೆ. ತೇವ ಜಾಸ್ತಿ ಇದ್ದಷ್ಟೂ ಆ ಗೆರೆ ಕೆಳಗೆ ಇಳಿಯುತ್ತದೆ. ಹೊರಗಿನಿಂದ ಬಂದ ಗುಳ್ಳೆಗಿಂತ ಇದು ಕೆಟ್ಟದ್ದು. ಕ್ಷೇತ್ರ ಜಾಸ್ತಿ ಇರುವ ಜಾಗದಲ್ಲೇ ಹುಟ್ಟುತ್ತದೆ, ಪೇಪರಿಗೆ ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ. 1.22 ಅಲ್ಲ, 2.2ರ ಲೆಕ್ಕಕ್ಕೆ ಹತ್ತಿರ ಬರುವುದು ಇದೇ.

ಹಾಗಾಗಿ ಜುಲೈ ಕೊನೆಯ ವಾರದಲ್ಲೇ ಹೋಗಿ. ಸಿಲಿಕಾ ಜೆಲ್ ಬದಲಿಸಿ, ಬ್ರೀದರಿನ ಕೆಳಗಿನ ಕಪ್ಪಿಗೆ ಎಣ್ಣೆ ಹಾಕಿ. ಇನ್ಸುಲೇಶನ್ ರೆಸಿಸ್ಟೆನ್ಸ್ ಮೆಗ್ಗರಿನಲ್ಲಿ ನೋಡಿ ಹೋದ ವರ್ಷದ ಅಂಕೆಗೆ ಹೋಲಿಸಿ. ಬಿಡಿವಿ ಮಾಡಿ. ಎಲ್ಲ ಸರಿ ಇದ್ದರೆ ಲೋಡ್ ಇಲ್ಲದೆ ಚಾರ್ಜ್ ಮಾಡಿ ಒಂದು ದಿನ ಬಿಡಿ. ಕೋರಿನ ಬಿಸಿಗೆ ಎಣ್ಣೆ ಮೆಲ್ಲಗೆ ಬೆಚ್ಚಗಾಗುತ್ತದೆ. ಮರುದಿನ ಒಂದು ಕಂಪ್ರೆಸರ್. ಎಣ್ಣೆಯ ಥರ್ಮಾಮೀಟರ್ ಒಂದು ಕಡೆ ನಿಂತ ಮೇಲೆ ಇನ್ನೊಂದು. ಮಾಲೀಕರು ಗೊಣಗಿದರೆ ಗೊಣಗಲಿ.

ಒಳಗೆ ಕಿಡಿ ನಡೆಯುತ್ತಿದೆಯಾ ಅಂತ ತಿಳಿಯುವುದು

ಬುಖೋಲ್ಜ್ ರಿಲೇ 1921ರಷ್ಟು ಹಳೆಯದು, ಇವತ್ತಿಗೂ ಅದರಷ್ಟು ಸರಳವಾದದ್ದು ಇಲ್ಲ. ಟ್ಯಾಂಕಿನಿಂದ ಕನ್ಸರ್ವೇಟರಿಗೆ ಹೋಗುವ ಪೈಪಿನಲ್ಲಿ ಕೂತಿರುತ್ತದೆ, ಏರಿ ಬಂದ ಅನಿಲವನ್ನು ಹಿಡಿಯುತ್ತದೆ. ಅಲಾರಂ ಬಂದರೆ ಅನಿಲವನ್ನು ಬಿಟ್ಟು ಕೈತೊಳೆದುಕೊಳ್ಳಬೇಡಿ. ಸಿರಿಂಜಿನಲ್ಲಿ ಹಿಡಿದು ಲ್ಯಾಬಿಗೆ ಕೊಡಿ. ಹಿಂದೆಲ್ಲ ಅಲ್ಲೇ ಬೆಂಕಿಕಡ್ಡಿ ಗೀರಿ ನೋಡುತ್ತಿದ್ದರು: ಹತ್ತಿಕೊಳ್ಳದಿದ್ದರೆ ಗಾಳಿ, ಹತ್ತಿಕೊಂಡರೆ ಒಳಗೆ ಏನೋ ಆಗಿದೆ. ನೀವು ಹಾಗೆ ಮಾಡಬೇಡಿ, ಎಣ್ಣೆ ತುಂಬಿದ ಟ್ಯಾಂಕಿನ ತಲೆ ಮೇಲೆ ಬೆಂಕಿ ಯಾಕೆ?

ಡಿಜಿಎ ವರದಿಯಲ್ಲಿ ಗುಳ್ಳೆಯ ಕಿಡಿಗೆ ಒಂದು ಗುರುತು ಇದೆ. ಹೈಡ್ರೋಜನ್ ಜಾಸ್ತಿ, ಮೀಥೇನ್ ಅದರ ಹತ್ತನೇ ಒಂದು ಪಾಲಿಗೂ ಕಡಿಮೆ, ಅಸಿಟಿಲೀನ್ ಇಲ್ಲವೇ ಇಲ್ಲ ಅನ್ನುವಷ್ಟು. ಅಸಿಟಿಲೀನ್ ಏರುತ್ತಿದ್ದರೆ ಕಿಡಿ ಗುಳ್ಳೆ ದಾಟಿ ಎಣ್ಣೆಯನ್ನೇ ಒಡೆಯುತ್ತಿದೆ. ಆಗ ಟಿಸಿ ನಿಲ್ಲಿಸುವುದರ ಬಗ್ಗೆ ಚರ್ಚೆ ಬೇಡ. ಹೈಡ್ರೋಜನ್ ಒಂದೇ ಕಂಡ ಕೂಡಲೇ ಗಾಬರಿಯೂ ಬೇಡ. ತಳದಲ್ಲಿ ನೀರು ನಿಂತು ಕಬ್ಬಿಣದ ಜತೆ ಸೇರಿದರೂ ಹೈಡ್ರೋಜನ್ ಬರುತ್ತದೆ, ನಮ್ಮ ಊರಿನಲ್ಲಿ ಅದೇನು ಅಪರೂಪ ಅಲ್ಲ. ತಿಂಗಳು ಬಿಟ್ಟು ಇನ್ನೊಂದು ಸ್ಯಾಂಪಲ್ ಕೊಟ್ಟು, ಏರುತ್ತಿದೆಯಾ ನೋಡಿ.

ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೆ ಟ್ಯಾಂಕಿನ ಗೋಡೆಗೆ ಸೆನ್ಸರ್ ಅಂಟಿಸಿ ಕಿಡಿಯ ಸದ್ದು ಕೇಳುವ ವಿಧಾನ ಇದೆ. ನಮ್ಮ ಕಿವಿಗೆ ಕೇಳದ ಸದ್ದು ಅದು. ಎಣ್ಣೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,400 ಮೀಟರ್ ಓಡುತ್ತದೆ. ಮೂರ್ನಾಲ್ಕು ಸೆನ್ಸರ್ ಇಟ್ಟು ಯಾವುದಕ್ಕೆ ಮೊದಲು ಮುಟ್ಟಿತು ಅಂತ ನೋಡಿದರೆ ಕಿಡಿಯ ಜಾಗ ಗೊತ್ತಾಗುತ್ತದೆ. ಸದ್ದು ಸಿಕ್ಕಿದರೆ ಸಾಧ್ಯವಾದಲ್ಲಿ ಒಂದು ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಮತ್ತೆ ಕೇಳಿಸಿ. ಗುಳ್ಳೆಯಾಗಿದ್ದರೆ ಏರಿ ಹೋಗಿರುತ್ತದೆ, ಅಥವಾ ಕರಗಿರುತ್ತದೆ. ಅದೇ ಜಾಗದಲ್ಲಿ ಅದೇ ಸದ್ದು ಮತ್ತೆ ಬಂದರೆ ಅದು ಗುಳ್ಳೆಯಲ್ಲ. ಗಟ್ಟಿ ಇನ್ಸುಲೇಶನ್ನಿನಲ್ಲಿ ತೂತೋ ಸಡಿಲ ಜಾಯಿಂಟೋ ಇದೆ, ಎಣ್ಣೆ ಎಷ್ಟು ಫಿಲ್ಟರ್ ಮಾಡಿದರೂ ಅದು ಹೋಗುವುದಿಲ್ಲ.

ಚಾರ್ಜ್ ಮಾಡಿದ ಮೇಲೆ ಮೊದಲ ವಾರ ದಿನಕ್ಕೊಮ್ಮೆ ಬುಖೋಲ್ಜಿನ ಗಾಜು ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ: ತಾರೀಕು, ಎಣ್ಣೆಯ ಬಿಸಿ, ಲೋಡ್ ಎಷ್ಟು, ಗಾಜಿನಲ್ಲಿ ಎಷ್ಟು ಗೆರೆ ಅನಿಲ. ಮೊದಲ ಎರಡು ದಿನ ಸ್ವಲ್ಪ ಬಂದು, ಮೂರನೇ ದಿನ ಕಡಿಮೆಯಾಗಿ, ವಾರದ ಕೊನೆಗೆ ನಿಂತರೆ ಅದು ರೇಡಿಯೇಟರಿನ ಗಾಳಿ. ಲೋಡ್ ಹಾಕಿದಾಗಲೆಲ್ಲ ಬರುತ್ತಿದ್ದರೆ ನನ್ನಂಥ ಒಬ್ಬರನ್ನು ಕರೆಯಿರಿ, ಆ ರಿಜಿಸ್ಟರನ್ನೂ ಮುಂದಿಡಿ.